ಮೋಟಾರಿಗೆ ಹೊಲಿದ ಕೌದಿ

ಆಗ ಅಫಜಲಪುರದಿಂದ ಆಳಂದದವರೆಗೆ ಇದ್ದದ್ದು ಮೂರೇ ಮೋಟಾರು. ಒಂದು ತಹಶೀಲದಾರರದು, ಒಂದು ಕೆಟ್ಟು ನಿಂತದ್ದು, ಮೂರನೆಯದು ನಮ್ಮದು. ಮೂರನ್ನೂ ಓಡಿಸಬಲ್ಲವನು ಇಡೀ ನಿಜಾಮ ಸೀಮೆಯಲ್ಲಿ ನಾನೊಬ್ಬನೇ. ಕೆಟ್ಟು ನಿಂತದ್ದನ್ನೂ ಓಡಿಸುತ್ತಿದ್ದೆ, ಯಾರೂ ಕೇಳಲಿಲ್ಲ ಅಷ್ಟೆ.

ನಮ್ಮಪ್ಪ ರೇವಣಪ್ಪ ಅಫಜಲಪುರದ ಕಂಬಳಿ ಸಾಹುಕಾರ. ಲಡಾಯಿ ಶುರುವಾದ ಮೇಲೆ ಪಲ್ಟನ್ನಿಗೆ ಕಂಬಳಿ ಬೇಕಾದವು. ಅಪ್ಪ ಕಳಿಸಿದ ಕಂಬಳಿಗಳನ್ನು ಒಂದಕ್ಕೊಂದು ಹೊಲಿದಿದ್ದರೆ ಭೀಮಾ ನದಿಗೆ ತಲೆಯಿಂದ ಕಾಲಿನ ತನಕ ಹೊದಿಸಿ, ಉಳಿದದ್ದನ್ನು ಮಡಿಚಿ ದಿಂಬು ಮಾಡಬಹುದಿತ್ತು. ಆ ಕಂಬಳಿಯ ದುಡ್ಡಿನಲ್ಲೇ ಗುಲಬರ್ಗಾದ ಒಬ್ಬ ವಕೀಲರಿಂದ ಮೋಟಾರು ಕೊಂಡ. ನಾಲ್ಕು ಬಾಗಿಲು, ಮೇಲೆ ತಗಡಿನ ಮಾಡು, ಮಾಡಿನ ಒಳಗೆ ತಲೆಯ ಮೇಲೆ ಬೂದಿಬಣ್ಣದ ಬಟ್ಟೆಯ ಚತ್ತು. ಎಂಥ ಬಟ್ಟೆ ಅದು. ಅದರಲ್ಲಿ ಅಂಗಿ ಹೊಲಿಸಿದ್ದರೆ ಮೂವರು ವರಗಳು ಮದುವೆ ಆಗಬಹುದಿತ್ತು.

ಹಿಂದಿನ ವರ್ಷದ ಮಳೆಗಾಲದಲ್ಲಿ ಮೋಟಾರನ್ನು ಜೋಳದ ಕಣಿಕೆ ಒಟ್ಟುವ ಛಪ್ಪರದಲ್ಲಿ ನಿಲ್ಲಿಸಿದ್ದೆವು. ಛಪ್ಪರ ಸೋರಿತು, ಮೋಟಾರಿನ ಕಿಟಕಿಯ ಸಂದಿಯಿಂದ ನೀರು ಮೇಲೇರಿತು ಎಂದು ಅಪ್ಪನೂ ಕೆಳಗಿಳಿಯಿತು ಎಂದು ನಾನೂ ವಾದ ಮಾಡಿದೆವು. ಅಂತೂ ಚತ್ತಿನ ಬಟ್ಟೆ ನೆನೆದು, ದಾರ ಕೊಳೆತು, ಮೂರು ಕಡೆ ಕಿತ್ತು, ಎಮ್ಮೆಯ ಕೆಚ್ಚಲಿನಂತೆ ಜೋತುಬಿತ್ತು. ನಾನು ಓಡಿಸಲು ಕುಳಿತರೆ ಆ ಕೆಚ್ಚಲು ನನ್ನ ಕಣ್ಣಿನ ಮೇಲೇ ಬರುತ್ತಿತ್ತು. ಒಂದು ಕೈಯಲ್ಲಿ ಚತ್ತನ್ನು ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುತ್ತಿದ್ದೆ. ಗೇರು ಹಾಕುವಾಗ ಮಾತ್ರ ದೇವರ ಮೇಲೆ ಭಾರ.

ಯುಗಾದಿ ಆಗಿ ನಾಲ್ಕು ದಿನಕ್ಕೆ ನಮ್ಮ ವೈನಿ ಗೌರಾಬಾಯಿಯ ಸೀಮಂತದ ಕುಬಸ ಆಯಿತು. ವೈನಿ ಎಂದರೆ ಅಣ್ಣ ಸೈದಪ್ಪನ ಹೆಂಡತಿ, ಏಳು ತಿಂಗಳ ಬಸುರಿ. ಅವಳ ಅಪ್ಪ ಮಾಳಪ್ಪ ಮಾದನಹಿಪ್ಪರಗಾದಿಂದ ಸವಾರಿ ಬಂಡಿ ಕಟ್ಟಿಕೊಂಡು ಬಂದಿದ್ದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಬಂಡಿಯಲ್ಲಿ ಮೊಣಕಾಲುದ್ದ ಹುಲ್ಲು, ಹುಲ್ಲಿನ ಮೇಲೆ ಗಾದಿ, ಗಾದಿಯ ಮೇಲೆ ಮತ್ತೊಂದು ಗಾದಿ.

ಊಟ ಆದ ಮೇಲೆ ಮಾಳಪ್ಪ ಎಲೆಯಡಿಕೆ ಮಡಿಚುತ್ತ ಕೇಳಿದ. "ಬೀಗರ, ಬಿಸಲು ಇಳದ ಮ್ಯಾಲ ಹೊಂಡ್ತೇವಿ. ಮಗಳನ್ನ ಕಳಸ್ರಿ."

"ಬಂಡ್ಯಾಗ ನಮ್ಮ ಸೊಸಿ ಬರಂಗಿಲ್ಲ," ಅಂದ ಅಪ್ಪ. "ಎಂಟು ದಿನ ತಡಿರಿ. ಮೋಟಾರದಾಗ ತಂದು ನಿಮ್ಮ ಬಾಗಲಕ್ಕ ಇಳಸ್ತೇನಿ."

"ಮೋಟಾರದ ಚತ್ತು ಜೋತು ಬಿದ್ದದಲ್ರಿ. ಹಾದು ಬರೂಮುಂದ ನೋಡ್ದೆ."

ಅಪ್ಪನ ಮೀಸೆ ಎರಡಿಂಚು ಮೇಲೆ ಹೋಯಿತು. ಅದಕ್ಕೊಂದು ಹಳೆಯ ಗಾಯವಿತ್ತು. ಎರಡು ವರ್ಷದ ಹಿಂದೆ ಅಣ್ಣನ ಮದುವೆಗೆ ಹೋದಾಗ, ಮಾದನಹಿಪ್ಪರಗಾದ ಅಗಸಿ ಬಾಗಿಲಿನ ಮುಂದೆಯೇ ನಮ್ಮ ಬಂಡಿಯ ಅಚ್ಚು ಮುರಿದು, ನಮ್ಮ ಕಡೆಯವರೆಲ್ಲ ನಡೆದು ಊರು ಹೊಕ್ಕಿದ್ದರು. ಊರವರು ನಕ್ಕರು. ನಾಲ್ಕು ಮಂದಿ ನಕ್ಕಿರಬೇಕು, ಅಪ್ಪನ ಲೆಕ್ಕದಲ್ಲಿ ನಾಲ್ಕು ಸಾವಿರ. ಇನ್ನು ಆ ಊರಿಗೆ ತನ್ನ ಮನೆಯವರು ಹೋದರೆ ಮೋಟಾರಿನಲ್ಲೇ ಎಂದು ಅಂದೇ ಆಣೆ ಹಾಕಿದ್ದ. ಅದಕ್ಕೇ ವೈನಿ ಎರಡು ವರ್ಷದಿಂದ ತವರು ನೋಡಿರಲಿಲ್ಲ.

"ಚತ್ತು ನೆಟ್ಟಗ ಆದ ಮ್ಯಾಲೇ ಬರ್ತೇವಿ," ಎಂದ ಅಪ್ಪ.

"ಮಿರಗದ ಮಳಿ ಬಂತಂದ್ರ ದಾರಿ ಬಂದ್ ಆಗ್ತದ್ರಿ ಬೀಗರ."

"ಮಿರಗಕ್ಕ ಇನ್ನ ಎರಡು ತಿಂಗಳು ಅದ. ಎಂಟು ದಿನ ಅಂದೇನಿ."

ಮಾಳಪ್ಪ ಖಾಲಿ ಬಂಡಿ ಹೊಡೆದುಕೊಂಡು ಹೋದ. ವೈನಿ ಗಂಟು ಕಟ್ಟಿ ಬಾಗಿಲ ಹಿಂದೆ ನಿಂತಿದ್ದಳು. ಮಾವನ ಎದುರು ಅವಳು ಬಾಯಿ ತೆರೆದದ್ದು ಅದುವರೆಗೆ ಯಾರೂ ಕೇಳಿರಲಿಲ್ಲ. ಅವಳ ಬದಲು ಪಾತ್ರೆಗಳು ಮಾತಾಡುತ್ತಿದ್ದವು. ಅಂದು ಸಂಜೆ ಅಡುಗೆಮನೆಯಿಂದ ಕೇಳಿದ ಮಾತಿಗೆ ಎರಡು ಓಣಿಯ ನಾಯಿ ಊರು ಬಿಟ್ಟವು. ಗಂಟನ್ನು ಮಾತ್ರ ಬಿಚ್ಚಲಿಲ್ಲ. ಬಾಗಿಲ ಹಿಂದೆ ಹಾಗೇ ಇಟ್ಟಳು, ದಿನಕ್ಕೆ ನಾಲ್ಕು ಸಲ ಗಂಟು ಬಿಗಿಮಾಡುತ್ತಿದ್ದಳು.

ಮರುದಿನವೇ ಅಪ್ಪನ ತಲೆಗೆ ಉಪಾಯ ಹೊಳೆಯಿತು. ಕಂಬಳಿ ನೇಯುವ ಮುಂಚೆ ನೂಲಿಗೆ ಹುಣಸೆ ಬೀಜದ ಸರಿ ಹಚ್ಚುತ್ತೇವೆ. ಬೀಜ ಹುರಿದು, ಬೀಸಿ, ಕುದಿಸಿ ಮಾಡಿದ ಗಂಜಿ ಅದು. ಅದಕ್ಕೆ ಅಂಟದ ವಸ್ತು ಜಗತ್ತಿನಲ್ಲಿಲ್ಲ ಎಂದು ಅಪ್ಪನ ನಂಬಿಕೆ.

"ಹತ್ತು ಸೇರು ಬೀಜ ಹುರಿ," ಎಂದ ನಮ್ಮ ಅವ್ವ ತುಳಜಾಬಾಯಿಗೆ.

"ಮೋಟಾರಕ್ಕ ಗಂಜಿ ಕುಡಸ್ತೀರೇನು?"

"ಕುಡಸಾಂವ. ನಿನಗೇನ ಮಾಡೂದದ?"

"ಬೀಸೂದು ನನಗ ಅದ. ಬಸರ ಹೆಂಗಸು ಬೀಸೂಹಂಗಿಲ್ಲ, ನೀವಂತೂ ಬೀಸೂದಿಲ್ಲ."

ಬೀಸಿದವನು ನಾನು. ಹತ್ತು ಸೇರನ್ನು ಒಂದೇ ಉಸಿರಿಗೆ ಬೀಸಿದೆ, ಬೀಸುಕಲ್ಲು ಎರಡು ಗಿರಣಿಯಷ್ಟು ಸದ್ದು ಮಾಡಿತು. ಹಂಡೆ ತುಂಬ ಸರಿ ಕುದಿಸಿ, ತಗಡಿಗೂ ಬಟ್ಟೆಗೂ ಬಳಿದು, ಬಟ್ಟೆಯನ್ನು ಮೇಲೊತ್ತಿ ಹದಿನಾರು ಬಿದಿರು ಕೋಲುಗಳನ್ನು ಆನಿಸಿದೆವು. ಮೂರು ದಿನ ನೆರಳಲ್ಲಿ ಒಣಗಿತು. ಕೋಲು ತೆಗೆದಾಗ ಚತ್ತು ನಿಂತಿತ್ತು. ಅಪ್ಪ ಓಣಿಗೆಲ್ಲ ಕೇಳುವಂತೆ ಕೆಮ್ಮಿದ. ದರ್ಜಿ ಜಹೀರುದ್ದೀನನನ್ನು ಕರೆಸಿ, ಅವನೆದುರು ಮೋಟಾರನ್ನು ಬಿಸಿಲಿಗೆ ಹೊರತಂದು, ಹಿಂದಿನ ಸೀಟಿನಲ್ಲಿ ರುಮಾಲು ಸುತ್ತಿ ಕುಳಿತ.

ನಮ್ಮ ಸೀಮೆಯ ಚೈತ್ರದ ಬಿಸಿಲು. ತಗಡಿನ ಮೇಲೆ ರೊಟ್ಟಿ ಬಡಿದಿದ್ದರೆ ತಿರುವಿ ಹಾಕುವುದೇ ಬೇಕಿರಲಿಲ್ಲ. ಐದು ನಿಮಿಷಕ್ಕೆ ಹಪ್ಪಳ ಮುರಿದಂತೆ ಒಂದು ಸದ್ದು, ಆಮೇಲೆ ನೂರು ಹಪ್ಪಳ ಒಟ್ಟಿಗೆ. ಚತ್ತು ಗಂಜಿಯ ಚಕ್ಕೆಗಳ ಸಮೇತ ಅಪ್ಪನ ರುಮಾಲಿನ ಮೇಲೆ ಕುಳಿತಿತು. ಅಪ್ಪ ಅದನ್ನು ಹೊತ್ತುಕೊಂಡೇ ಇಳಿದು ಬಂದ. ದಾರಿ ಕಾಣದೆ ನೇರ ದನ ಮೇಯುವ ಗ್ವಾದಲಿಗೆ ಹೋಗಿ ನಿಂತ. ಅಲ್ಲಿ ನಮ್ಮ ಆಡು ಹುಣಸೆಯ ವಾಸನೆ ಹಿಡಿದು ಬಟ್ಟೆಯ ಒಂದು ತುದಿಯನ್ನು ಬಾಯಿಗೆ ಹಾಕಿಕೊಂಡಿತು. ಸಂಜೆಯ ಹೊತ್ತಿಗೆ ವಕೀಲರ ಬೂದಿಬಣ್ಣದ ಬಟ್ಟೆಯಲ್ಲಿ ಅರ್ಧ ಆಡಿನ ಹೊಟ್ಟೆಯಲ್ಲಿತ್ತು, ಉಳಿದರ್ಧಕ್ಕೆ ಇರುವೆ ಮುತ್ತಿತ್ತು.

ಜಹೀರುದ್ದೀನ ಮೋಟಾರಿನೊಳಗೆ ಕತ್ತು ಹಾಕಿ ನೋಡಿದ. ತಗಡಿನ ಕೆಳಗೆ ಅಡ್ಡಡ್ಡ ಐದು ಕಬ್ಬಿಣದ ಕಮಾನುಗಳಿದ್ದವು, ಪಕ್ಕೆಲುಬಿನ ಹಾಗೆ.

"ಸಾವಕಾರ್ರ, ಇದು ಅಂಟಸೂದಲ್ರಿ, ತೂಗ ಹಾಕೂದು," ಎಂದ. "ಅರಿವಿ ಬೆನ್ನಿಗಿ ಐದು ನೇಫಾ ಹೊಲೀಬೇಕು, ಪೈಜಾಮಕ್ಕ ನಾಡಿ ತೂರಸಾಕ ಹೊಲೀತೇವಲ್ಲ, ಹಂಗ. ಅದರಾಗ ಈ ಕಮಾನು ತೂರಸೂದು. ಅಂಚಿಗಿ ಕಟ್ಟಗಿ ಪಟ್ಟಿ ಅದ, ಅದಕ್ಕ ಸಣ್ಣ ಮೊಳಿ ಹೊಡಿಯೂದು. ಒಂದು ದಿನದ ಕೆಲಸ."

"ಮಾಡು ಮತ್ತ."

"ಅರಿವಿ ಕೊಡ್ರಿ."

ಅಲ್ಲಿಗೆ ಮಾತು ನಿಂತಿತು. ಲಡಾಯಿಯ ಕಾಲ, ಬಟ್ಟೆಗೆ ಕಂಟ್ರೋಲು. ಮದುವೆಗೇ ಬಟ್ಟೆ ಸಿಗದೆ ವರಗಳು ತಮ್ಮ ಅಪ್ಪಂದಿರ ಧೋತರ ಉಟ್ಟು ಕೂಡುತ್ತಿದ್ದರು. ಅಪ್ಪ ಕಂಬಳಿ ಹಾಕು ಎಂದ. ಆ ಭಾರಕ್ಕೆ ಕಮಾನು ಬಾಗುತ್ತವೆ ಎಂದ ಜಹೀರುದ್ದೀನ. ಅಪ್ಪ ಗುಲಬರ್ಗಾಕ್ಕೆ ಹೋದ, ಸೊಲ್ಲಾಪುರಕ್ಕೆ ಹೇಳಿಕಳಿಸಿದ. ಎಂಟು ದಿನ ಹದಿನೈದಾಯಿತು, ಹದಿನೈದು ತಿಂಗಳಾಯಿತು. ಮಾಳಪ್ಪನಿಂದ ಎರಡು ಸಲ ಆಳು ಬಂದು, ಎರಡು ಸಲ ಮಜ್ಜಿಗೆ ಕುಡಿದು ಹೋದ. ವೈನಿಗೆ ಎಂಟು ತುಂಬಿತು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಅಣ್ಣ ಬಾಯಿಬಿಟ್ಟ. ಅಣ್ಣ ಸೈದಪ್ಪ ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ. ಅವನ ಪಾಲಿನ ಉಳಿದ ಮಾತುಗಳನ್ನು ನಾನು ಆಡಿ ಮುಗಿಸುತ್ತಿದ್ದೆ.

"ನಾಳೆ ಮುಂಜಾನೆ ಬಂಡಿ ಹೂಡ್ತೇನಿ, ಎಪ್ಪಾ."

"ಯಾವೂರಿಗಿ?"

"ಹಿಪ್ಪರಗಾಕ್ಕ. ಈಕಿಗಿ ಬಿಟ್ಟು ಬರ್ತೇನಿ."

ಅಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟ. "ಹೂಡು. ಗಾಲಿ ಮುಂದ ನಾ ಕುಂದ್ರತೇನಿ. ದಾಟಸ್ಕೊಂಡು ಹೋಗು."

ಅಣ್ಣ ನಿಜಕ್ಕೂ ಹೂಡಿದ, ಅಪ್ಪ ನಿಜಕ್ಕೂ ಕುಳಿತ. ಗಾಲಿಯ ಮುಂದೆ ಹೊಸ ಕಂಬಳಿ ಹಾಸಿಕೊಂಡು, ಎಲೆಯಡಿಕೆಯ ಚಂಚಿ ಬಿಚ್ಚಿಕೊಂಡು, ಊರಿನವರೆಲ್ಲ ಬಂದು ನೋಡುವವರೆಗೆ ಕುಳಿತ. ಎತ್ತುಗಳು ನಾಚಿದವು. ಅಣ್ಣ ಕೊಳ್ಳು ಹರಿದು ಎತ್ತು ಬಿಚ್ಚಿದ. ವೈನಿ ಬಾಗಿಲ ಹಿಂದಿನಿಂದ ಗಂಟು ತಂದು ಬಂಡಿಯಲ್ಲಿ ಇಟ್ಟಿದ್ದಳು. ಅದನ್ನು ತಾನೇ ಇಳಿಸಿಕೊಂಡು ಒಳಗೆ ಹೋದಳು. ಮುಂದಿನ ಎಂಟು ದಿನ ಅಣ್ಣನ ತಾಟಿಗೆ ರೊಟ್ಟಿ ಬೀಳುತ್ತಿತ್ತು, ಪಲ್ಯ ಅವಳ ನೆನಪಿಗೆ ಬರುತ್ತಿರಲಿಲ್ಲ. ಅಣ್ಣ ಒಣ ರೊಟ್ಟಿ ತಿಂದು ನೀರು ಕುಡಿದು ಏಳುತ್ತಿದ್ದ.

ಅದೇ ವಾರ ಅಪ್ಪನ ಕಣ್ಣು ಅವ್ವನ ಪೆಟ್ಟಿಗೆಯ ಮೇಲೆ ಬಿತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಚೊಚ್ಚಲಿಗೆ ತವರಿಗೆ ಹೊರಟ ಸೊಸೆಯ ಕೈಗೆ ಅತ್ತೆ ಒಂದು ಕೌದಿ ಹೊಲಿದು ಕೊಡಬೇಕು, ಹುಟ್ಟುವ ಕೂಸಿಗೆ ಹಾಸಲು. ಹೊಸ ಬಟ್ಟೆ ನಡೆಯುವುದಿಲ್ಲ. ಮನೆಯವರು ಉಟ್ಟು ತೊಟ್ಟು ಮೆತ್ತಗಾದ ಬಟ್ಟೆಯೇ ಆಗಬೇಕು. ಅವ್ವ ಅಣ್ಣನ ಮದುವೆಯ ಮರುದಿನದಿಂದಲೇ ಅಂಥ ಬಟ್ಟೆ ಕೂಡಿಡುತ್ತ ಬಂದಿದ್ದಳು. ಅಜ್ಜಿಯ ಇಳಕಲ್ ಸೀರೆ, ಅಪ್ಪನ ಹಳೆಯ ಧೋತರ, ಅಣ್ಣನ ಎಳೆತನದ ಅಂಗಿ, ನನ್ನ ಕುಲಾವಿ. ನನ್ನ ಕುಲಾವಿ ಒಂದೇ ಅರ್ಧ ಪೆಟ್ಟಿಗೆ ಇತ್ತು. ಹುಟ್ಟಿದಾಗಲೇ ನನ್ನ ತಲೆ ಅಷ್ಟು ದೊಡ್ಡದು.

"ಆ ಪೆಟಗ್ಯಾಗಿನ ಅರಿವಿ ತಗಿ," ಎಂದ ಅಪ್ಪ.

"ಅವು ಕೂಸಿನ ಕೌದಿಗಿ ಇಟ್ಟೇನಿ."

"ಕೂಸು ಇನ್ನ ಬಂದಿಲ್ಲ. ಮೋಟಾರು ಬಂದದ."

ಅಡುಗೆಮನೆಯಲ್ಲಿ ಏನೋ ಬೀಳುತ್ತದೆ ಎಂದು ನಾನು ಕಿವಿ ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಅದೇ ಹೆಚ್ಚು ಹೆದರಿಕೆ ತಂದಿತು.

ಅವ್ವ ಎರಡು ದಿನ ಪೆಟ್ಟಿಗೆಯ ಮೇಲೆಯೇ ಕುಳಿತಳು, ಅಲ್ಲೇ ಉಂಡಳು, ಅಲ್ಲೇ ಅಕ್ಕಿ ಆರಿಸಿದಳು. ಮೂರನೆಯ ದಿನ ವೈನಿಯ ಕಾಲು ಬಾತದ್ದನ್ನು ನೋಡಿದಳು. ಎದ್ದು ಬೀಗ ತೆಗೆದಳು. "ಚತ್ತು ಆಗೂತನಾ ಈ ಮುದುಕ ಕಳಸಾಂವಲ್ಲ," ಎಂದಳು ನನಗೆ. "ಕೂಸಿಗಿ ಏನರ ನೋಡಿದ್ರಾಯ್ತು. ಹುಸೇನಬೀನ ಕರಿ."

ಹುಸೇನಬೀ ಜಹೀರುದ್ದೀನನ ಹೆಂಡತಿ. ಕೌದಿಗೆ ಟಾಕು ಹಾಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳ ಹೊಲಿಗೆ ಎಷ್ಟು ಸಣ್ಣದೆಂದರೆ ಎರಡು ಟಾಕಿನ ನಡುವೆ ಇರುವೆಯೂ ಮಗ್ಗುಲಾಗಿ ಹೋಗಬೇಕು. ಪಡಸಾಲೆಯಲ್ಲಿ ಧೋತರ ಹಾಸಿ, ಜಹೀರುದ್ದೀನ ಹುರಿಯಿಂದ ಅಳೆದು ಕೊಟ್ಟ ಗೆರೆಗೆ ಸರಿಯಾಗಿ ಹೆಂಗಸರಿಬ್ಬರೂ ಎದುರುಬದುರು ಕುಳಿತರು.

"ಅಕ್ಕಾ, ಒಂದ ಪದರ ಸಾಕಂತಾರ ನಮ್ಮವರು," ಎಂದಳು ಹುಸೇನಬೀ. "ಭಾರ ಆಗ್ಬಾರದಂತ."

"ಒಂದ ಪದರಕ್ಕ ಕೌದಿ ಅಂತಾರೇನು ಬೇ? ಮೂರು ಹಾಕೂಣು."

"ಮೋಟಾರು ಮಕ್ಕೊಳ್ಳೂದಿಲ್ಲಲ್ಲ ಅಕ್ಕಾ."

"ಎರಡು ಹಾಕೂಣು. ನಿಂದೂ ಬ್ಯಾಡ ನಂದೂ ಬ್ಯಾಡ."

ಮೂರನೆಯ ದಿನ ವೈನಿ ಬಂದು, ಗೋಡೆ ಹಿಡಿದು ನಿಧಾನ ಕುಳಿತಳು. "ಅತ್ತಿ, ಸೂಜಿ ಕೊಡ್ರಿ."

"ನೀ ಬ್ಯಾಡ. ಸೊಂಟ ನೋಯ್ತದ."

"ಕುಂತ್ರೂ ನೋಯ್ತದ, ನಿಂತ್ರೂ ನೋಯ್ತದ. ಕೊಡ್ರಿ, ಲಗೂ ಮುಗೀತದ."

ಅವಳು ಹೊಲಿದ ವೇಗಕ್ಕೆ ಸೂಜಿ ಕೆಂಪಾಗಿ, ನೀರಿನಲ್ಲಿ ಅದ್ದಿದರೆ ಚುರ್ ಎನ್ನುತ್ತಿತ್ತು. ಅಣ್ಣನ ಎಳೆತನದ ಅಂಗಿ ಕೈಗೆ ಬಂದಾಗ ಒಂದು ಗಳಿಗೆ ನಿಂತಳು. ತೋಳಿನ ಅಂಚು ನೇವರಿಸಿದಳು. ಆಮೇಲೆ ಅದನ್ನೂ ಮೋಟಾರಿಗೆ ಹಚ್ಚಿ ಹೊಲಿದಳು. ಅಂದು ಅಣ್ಣನ ತಾಟಿಗೆ ಪಲ್ಯ ಬಂತು.

ಹನ್ನೆರಡು ದಿನದಲ್ಲಿ ಕೌದಿ ಮುಗಿಯಿತು, ಮೂರು ಮೂಲೆ ಮುಚ್ಚಿ ಒಂದು ಮೂಲೆ ಉಳಿಯಿತು. ಕೌದಿಯ ಕೊನೆಯ ಮೂಲೆಯನ್ನು ಹಾಗೇ ಮುಚ್ಚುವುದಿಲ್ಲ. ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಆ ದಿನ ಹೊಲಿದವರಿಗೆ ಸಿಹಿ ಊಟವನ್ನೂ ಹಾಕಬೇಕು. ಮನೆಯಲ್ಲಿ ಹೋಳಿಗೆ ಆಗಿತ್ತು.

"ಅಮೋಗಿ, ಒಂದು ಚೂರು ರೊಟ್ಟಿ ತಾ," ಎಂದಳು ಅವ್ವ. ನನ್ನ ಹೆಸರು ಅಮೋಘಸಿದ್ದ. ಇಷ್ಟೊತ್ತು ಹೇಳಲಿಲ್ಲ, ಎಲ್ಲರಿಗೂ ಗೊತ್ತೇ ಇರುತ್ತದೆ ಎಂದು.

ನಾನು ಅಡುಗೆಮನೆಗೆ ಹೋದೆ. ನಮ್ಮದೇನು ಬಡವರ ಹಾಸಿಗೆಯೇ, ಮೋಟಾರು. ತುಪ್ಪ ಸವರಿದ ಒಂದು ಇಡೀ ಹೋಳಿಗೆ ತಂದೆ.

"ಚೂರು ಅಂದ್ರ ಚೂರಲೇ," ಎಂದಳು ಅವ್ವ.

"ದೊಡ್ಡ ಕೌದಿ, ದೊಡ್ಡ ಹೊಟ್ಟಿ. ಹಾಕಬೇ."

ಹುಸೇನಬೀ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವ್ವನೂ ನಕ್ಕಳು. ಒಂದು ತಿಂಗಳಿನಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಆ ಖುಷಿಯಲ್ಲಿ ಹೋಳಿಗೆ ಮಡಿಚಿ ಒಳಗೆ ತುರುಕಿ ಮೂಲೆ ಮುಚ್ಚಿಯೇ ಬಿಟ್ಟಳು.

ಜಹೀರುದ್ದೀನ ನಡುವಿನ ಕಮಾನಿನಿಂದ ಶುರುಮಾಡಿ, ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಎಳೆದು, ಅಂಚಿನ ಪಟ್ಟಿಗೆ ಚಪ್ಪಲಿಯ ಸಣ್ಣ ಮೊಳೆ ಹೊಡೆದ. ಮೇಲೆ ನೀರು ಚಿಮುಕಿಸಿದ. ಒಣಗಿದ ಹಾಗೆ ಕೌದಿ ಬಿಗಿಯುತ್ತ ಬಂತು. ಅಪ್ಪ ಒಳಗೆ ಕುಳಿತು ಬೆರಳಿನಿಂದ ಬಾರಿಸಿದ. ಡೊಳ್ಳಿನ ಹಾಗೆ ಢಂ ಎಂದಿತು. ಅಪ್ಪ ಇನ್ನೊಮ್ಮೆ ಬಾರಿಸಿದ. ಅರ್ಧ ತಾಸು ಬಾರಿಸಿದ. ಓಣಿಯ ಮುದುಕರು ಕುಣಿಯುವುದೊಂದು ಬಾಕಿ.

"ಎಪ್ಪಾ, ನಾಳೆ ಹೋಗೂಣು," ಎಂದ ಅಣ್ಣ. ಅದು ಆ ವರ್ಷದ ಅವನ ಮೂರನೆಯ ಮಾತು.

"ನಾಕು ದಿನಕ್ಕ ಅಮಾಸಿ. ಅಮಾಸಿ ದಾಟ್ಲಿ, ಪಾಡ್ಯಾದ ದಿನ ಹೋಗೂಣು."

"ಆಕಿಗಿ ಒಂಬತ್ತು ನಡದದ," ಎಂದಳು ಅವ್ವ. "ಪಡುವಣಕ್ಕ ಮೋಡ ಕಟ್ಯಾವ."

"ಇಷ್ಟು ದಿನ ತಡದೇವಿ, ನಾಕು ದಿನ ಏನು?"

ಮೋಟಾರು ಮತ್ತೆ ಛಪ್ಪರದಲ್ಲಿ ಕಣಿಕೆಯ ಮಗ್ಗುಲಿಗೆ ನಿಂತಿತು. ನನಗೆ ಇಲಿಯ ಹೆಜ್ಜೆ ಮೂರು ಹರದಾರಿಯಿಂದ ಕೇಳುತ್ತದೆ. ಆ ನಾಲ್ಕು ದಿನ ಮಾತ್ರ ನೆಗಡಿ ಇತ್ತು.

ಪಾಡ್ಯದ ದಿನ ಹೊತ್ತು ಮೂಡುವ ಮುಂಚೆ ವೈನಿ ಗಂಟು ಹಿಡಿದು ಮೋಟಾರಿನ ಹತ್ತಿರ ನಿಂತಿದ್ದಳು. ಪೆಟ್ರೋಲಿಗೂ ಚೀಟಿಯ ಕಾಲ. ಅಪ್ಪ ಕೂಡಿಟ್ಟದ್ದು ಎರಡೇ ಡಬ್ಬಿ, ಹೋಗಲು ಒಂದು, ಬರಲು ಒಂದು. ಈ ಸಲ ಮುಟ್ಟದಿದ್ದರೆ ಇನ್ನೊಂದು ಸಲ ಇಲ್ಲ. ನಾನು ಓಡಿಸಲು ಕುಳಿತೆ, ಮಗ್ಗುಲಿಗೆ ಹೊಸ ರುಮಾಲಿನ ಅಪ್ಪ. ಹಿಂದೆ ಅಣ್ಣ, ಅವ್ವ, ನಡುವೆ ವೈನಿ. ಪಡುವಣದಲ್ಲಿ ಮಿರಗದ ಮೋಡ ಕಪ್ಪು ಕಂಬಳಿ ಹಾಸಿದ ಹಾಗೆ.

ಅರ್ಧ ದಾರಿಯ ತನಕ ನಾನು ಗಾಳಿಯನ್ನು ಹಿಂದೆ ಹಾಕಿಕೊಂಡು ಹೊರಟಿದ್ದೆ. ಎರಡು ಎತ್ತಿನ ಬಂಡಿಗಳು ಮಾತ್ರ ನಮ್ಮನ್ನು ದಾಟಿ ಹೋದವು. ಆಗ ಹಿಂದಿನಿಂದ ಅವ್ವ ಅಂದಳು.

"ಅಮೋಗಿ, ಚತ್ತು ನಡ್ಯಾಕತ್ತದ."

"ಮೋಟಾರ ನಡ್ಯಾಕತ್ತದಬೇ."

"ಅಲ್ಲಲೇ. ಚತ್ತೂ ನಡ್ಯಾಕತ್ತದ."

ಕನ್ನಡಿಯಲ್ಲಿ ನೋಡಿದೆ. ಕೌದಿಯ ಮೇಲೆ ಮುಷ್ಟಿಯಷ್ಟು ದಪ್ಪದ ಗಂಟೊಂದು ಹಿಂದಿನ ಮೂಲೆಯಿಂದ ಹೊರಟು, ಅಜ್ಜಿಯ ಸೀರೆ ದಾಟಿ, ನನ್ನ ಕುಲಾವಿ ಸುತ್ತಿ, ಅಪ್ಪನ ಧೋತರದ ಮೇಲೆ ನಿಂತಿತು. ಸರಿಯಾಗಿ ಅಪ್ಪನ ರುಮಾಲಿನ ಮೇಲೆ. ಅಪ್ಪ ನಿಧಾನವಾಗಿ ಬೆತ್ತ ಎತ್ತಿದ.

"ಬ್ಯಾಡ್ರಿ," ಎಂದಳು ಅವ್ವ.

ಅಪ್ಪನದು ಡೊಳ್ಳು ಬಾರಿಸಿದ ಕೈ. ಒಂದು ಹೊಡೆದ, ಗಂಟು ಓಡಿತು. ಎರಡು, ಮೂರು. ಚಪ್ಪಲಿಯ ಮೊಳೆಗಳು ಹುರಿದ ಜೋಳದ ಹಾಗೆ ಸಿಡಿದವು. ಮುಂದಿನ ಅಂಚು ಪೂರ್ತಿ ಕಿತ್ತು ಕೌದಿ ನನ್ನ ಮುಖದ ಮೇಲೆ ಬಿತ್ತು. ಕಣ್ಣು ಮುಚ್ಚಿದ್ದರೂ ಮೋಟಾರನ್ನು ನೆಟ್ಟಗೇ ಓಡಿಸಿದೆ. ದಾರಿಯೇ ಬಲಕ್ಕೆ ತಿರುಗಿತ್ತು, ಅದು ನನ್ನ ತಪ್ಪಲ್ಲ. ಯಾರದೋ ತೊಗರಿಯ ಹೊಲದಲ್ಲಿ ಒಡ್ಡಿಗೆ ಎಡವಿ ನಿಂತೆವು.

ದೊಡ್ಡ ಇಲಿಯೊಂದು ಅಪ್ಪನ ತೊಡೆಯ ಮೇಲಿಂದ ಇಳಿದು, ಬಾಗಿಲಿನ ಸಂದಿಯಿಂದ ಹೊರಗೆ ಹೋಯಿತು. ಹಿಂದೆ ಕೌದಿಯ ಮೂಲೆ ಹರಿದು ವೈನಿಯ ಉಡಿಯಲ್ಲಿ ಬಿದ್ದಿತ್ತು. ಅದರಲ್ಲಿ ಹೋಳಿಗೆಯ ಒಂದು ಚೂರೂ ಇರಲಿಲ್ಲ. ಹರಿದ ಚಿಂದಿಯ ಗೂಡಿನಲ್ಲಿ ಕಣ್ಣು ಬಿಡದ, ಕೂದಲಿಲ್ಲದ, ಕೆಂಪು ಕೆಂಪು ಮರಿಗಳು. ನಾನು ಲೆಕ್ಕ ಮಾಡಿದಾಗ ನೂರಾ ಐವತ್ತು. ಅಣ್ಣ ಆರು ಎನ್ನುತ್ತಾನೆ.

ಅಣ್ಣ ಅವನ್ನು ಎಲೆಯ ಮೇಲೆ ತೆಗೆದು ತಾಯಿ ಹೋದ ಕಡೆ ಒಡ್ಡಿನ ಬುಡಕ್ಕೆ ಇಟ್ಟು ಬಂದ. ಅಪ್ಪ ರುಮಾಲು ಸರಿ ಮಾಡಿಕೊಂಡ. ಜೋತುಬಿದ್ದ ಕೌದಿ, ಬರಿ ಪಕ್ಕೆಲುಬಿನ ಮಾಡು, ಹಿಂದಿನ ದಾರಿ, ಮುಂದಿನ ಮೋಡ, ಎಲ್ಲ ನೋಡಿದ.

"ತಿರುಗಸು," ಎಂದ.

"ಎಪ್ಪಾ, ಪೆಟ್ರೋಲ್—"

"ತಿರುಗಸು ಅಂದೇನಿ. ಈ ಅವತಾರ ತಗೊಂಡು ಆ ಊರ ಅಗಸಿ ಹೊಗಾಂವಲ್ಲ. ಹೊಸಾ ಅರಿವಿ ಹುಡಕ್ತೇನಿ. ಎಂಟು ದಿನ."

ಆಗ ವೈನಿ ಮಾತಾಡಿದಳು. ಮೆಲ್ಲಗೆ, ನೀರು ಬೇಕೇ ಎಂದು ಕೇಳುವ ದನಿಯಲ್ಲಿ. ಆದರೆ ಮಾವನಿಗೆ, ನೇರ.

"ಮಾವಾರ, ಇಲಿ ಬಾಣಂತನ ಆಯ್ತು."

ಅಪ್ಪ ಹಿಂತಿರುಗಿ ನೋಡಲಿಲ್ಲ.

"ನಿಮ್ಮ ಮೋಟಾರದಾಗ ನನಕಿಂತ ಮದಲ ಆಕಿದು ಆಯ್ತು," ಎಂದಳು ವೈನಿ. "ಆಕಿ ಯಾವ ಚತ್ತೂ ಕೇಳಲಿಲ್ಲ, ಯಾವ ಪಾಡ್ಯಾನೂ ನೋಡಲಿಲ್ಲ. ನನ್ನ ಕೂಸು ಎಂಟು ದಿನ ತಡೀರಿ ಅಂದ್ರ ತಡ್ಯಾಂಗಿಲ್ರಿ."

ಅವಳು ಕೌದಿಯ ಅಂಚು ಹಿಡಿದು ಜಗ್ಗಿದಳು. ಉಳಿದ ಮೊಳೆಗಳು ಬಂದವು. ಅಣ್ಣ ಆ ಕಡೆಯದನ್ನು ಜಗ್ಗಿದ. ಅವ್ವ ಹಲ್ಲಿನಿಂದ ನೇಫಾದ ದಾರ ಕಡಿದಳು, ಒಂದಾದ ಮೇಲೊಂದು, ಐದೂ. ಕೌದಿ ಪೂರ್ತಿ ಕಳಚಿಬಂತು. ವೈನಿ ಅದನ್ನು ಝಾಡಿಸಿ, ನಾಲ್ಕು ಮಡಿಕೆ ಮಾಡಿ, ಗಂಟಿನ ಬಾಯಿ ಬಿಚ್ಚಿ ಒಳಗಿಟ್ಟಳು. ಎರಡು ತಿಂಗಳಲ್ಲಿ ಆ ಗಂಟು ಬಿಚ್ಚಿದ್ದು ಅದೇ ಮೊದಲು.

"ಇದು ಕೂಸಿಂದು," ಎಂದಳು. "ಅಮೋಗಪ್ಪ, ಮೋಟಾರ ಬಿಡು. ಮುಂದಕ್ಕ."

ಅಪ್ಪನ ಮಾತು ಮೀರಿದ ಮಗ ನಮ್ಮ ಕುಲದಲ್ಲಿ ಹಿಂದೆ ಹುಟ್ಟಿರಲಿಲ್ಲ. ನಾನು ಸಾವಿರ ಹುಲಿಗಳ ಮುಂದೆ ನಿಂತವನು, ಹೆದರಿಕೆ ಗೊತ್ತಿಲ್ಲ, ಆದರೂ ಅಪ್ಪನ ಕಡೆ ನೋಡಿದೆ. ಅಪ್ಪ ಮಾಡು ನೋಡುತ್ತಿದ್ದ. ಬೆತ್ತವನ್ನು ಕಾಲಿನ ಸಂದಿಯಲ್ಲಿಟ್ಟುಕೊಂಡ. ಬಿಡು ಎನ್ನಲಿಲ್ಲ, ತಿರುಗಿಸು ಎಂದೂ ಮತ್ತೆ ಎನ್ನಲಿಲ್ಲ. ನಾನು ಇಳಿದು ಹಿಡಿಕೆ ತಿರುವಿ ಮೋಟಾರು ಚಾಲೂ ಮಾಡಿದೆ.

ಮಾದನಹಿಪ್ಪರಗಾದ ಅಗಸಿಯಲ್ಲಿ ಮೊದಲ ಹನಿ ಬಿತ್ತು. ಮಾಳಪ್ಪನ ಬಾಗಿಲಿಗೆ ಮುಟ್ಟಿದಾಗ ತಗಡಿನ ಮೇಲೆ ಕಲ್ಲು ಸುರಿದಂತೆ ಮಳೆ. ಊರವರು ಗೋಣಿಚೀಲ ಹೊದ್ದು ಬಂದು ನಿಂತರು. 'ಹುಡುಗಿ ಬಂದ್ಳು, ಹುಡುಗಿ ಬಂದ್ಳು' ಎಂದು ಅವಳನ್ನು ಹಿಡಿದು ಇಳಿಸಿಕೊಂಡು ಒಳಗೆ ಹೋದರು. ಮೋಟಾರಿನೊಳಗೆ ಯಾರೂ ಕತ್ತು ಹಾಕಲಿಲ್ಲ. ಅಪ್ಪ ಬಹಳ ಹೊತ್ತು ಒಳಗೇ ಕುಳಿತಿದ್ದ, ಯಾರಾದರೂ ನಗಲಿ ಎಂದು ಕಾಯುತ್ತಿದ್ದವನ ಹಾಗೆ.

ಕೊನೆಗೆ ಮಾಳಪ್ಪ ಬಂದು ಬಾಗಿಲು ತೆಗೆದು ಮೇಲೆ ನೋಡಿದ.

"ಚತ್ತಿಲ್ಲಲ್ರಿ, ಬೀಗರ."

"ಬ್ಯಾಸಗ್ಯಾಗ ತಗಸೇನಿ," ಎಂದ ಅಪ್ಪ. "ಗಾಳಿ ಆಡ್ತದ."

ಆ ಮಳೆ ಆರು ದಿನ ಹಿಡಿಯಿತು, ಎರೆಮಣ್ಣಿನ ದಾರಿ ಪಾಯಸವಾಯಿತು. ಮೋಟಾರು ದೀಪಾವಳಿಯ ತನಕ ಬೀಗರ ಕೊಟ್ಟಿಗೆಯಲ್ಲೇ ಎಮ್ಮೆಗಳ ನಡುವೆ ನಿಂತಿತ್ತು. ಅಪ್ಪ ನಮ್ಮ ಕೂಡ ಅಫಜಲಪುರಕ್ಕೆ ತಿರುಗಿ ಹೋದದ್ದು ಮಾಳಪ್ಪನ ಸವಾರಿ ಬಂಡಿಯಲ್ಲಿ, ಎರಡು ಗಾದಿಯ ಮೇಲೆ ಕುಳಿತು.

ವೈನಿ ಹೆತ್ತದ್ದು ಹದಿನೆಂಟನೆಯ ದಿನಕ್ಕೆ, ಹೆಣ್ಣು. ತೊಟ್ಟಿಲಿಗೆ ಹಾಕುವ ದಿನ ಅಪ್ಪ ತಾನೇ ಬಂಡಿ ಹೂಡಿಸಿದ. ಯಾರೂ ಆಣೆಯ ಸುದ್ದಿ ಎತ್ತಲಿಲ್ಲ. ನಾನು ಎತ್ತಬೇಕೆಂದಿದ್ದೆ, ಅವ್ವ ನನ್ನ ಕಾಲು ತುಳಿದಳು.

ಕೂಸು ಕೌದಿಯ ಮೇಲೆ ಮಲಗಿತ್ತು, ಅಣ್ಣನ ಅಂಗಿಯ ತೋಳಿನ ಮೇಲೆ ಕೆನ್ನೆ ಇಟ್ಟು. ಅಪ್ಪ ಹತ್ತಿರ ಕುಳಿತು ಮೊದಲು ಕೂಸನ್ನು ನೋಡಿದ, ಆಮೇಲೆ ಕೌದಿಯ ಒಂದೊಂದೇ ಮೂಲೆ ಹಿಡಿದು ನೋಡಿದ. ಇಲಿ ಕಡಿದ ಮೂಲೆ ಬಾಯಿ ಬಿಟ್ಟುಕೊಂಡೇ ಇತ್ತು. ಅದರೊಳಗೆ ಬೆರಳು ಹಾಕಿದ.

"ಇದನ್ಯಾಕ ಹೊಲೀಲಿಲ್ಲ?"

"ಅತ್ತಿ ಬರ್ಲಿ ಅಂತ ಬಿಟ್ಟೇನ್ರಿ," ಎಂದಳು ವೈನಿ.

ಅಷ್ಟರಲ್ಲಿ ಊಟದ ತಾಟು ಬಂತು. ಅಪ್ಪ ರೊಟ್ಟಿಯ ಅಂಚಿನಿಂದ ಒಂದು ಚೂರು ಮುರಿದ, ಕಡಲೆಕಾಳಿನಷ್ಟು. ಮೂಲೆಯೊಳಗೆ ಇಟ್ಟ.

"ಮತ್ತ ಇಲಿ ಬರ್ತಾವ್ರಿ ಮಾವಾರ."

"ಬರ್ಲಿ. ಹೊಟ್ಟಿ ಖಾಲಿ ಇರಬಾರ್ದು," ಎಂದ ಅಪ್ಪ. "ಸೂಜಿ ಕೊಡು."

ವೈನಿ ಸೂಜಿ ಕೊಟ್ಟಳು, ಅವ್ವ ಅದಕ್ಕೆ ಕೈ ಚಾಚಿದಳು. ಅಪ್ಪ ಕೊಡಲಿಲ್ಲ. ಊಟದ ತಾಟನ್ನು ಮಗ್ಗುಲಿಗೆ ಸರಿಸಿ, ಕಂಬಳಿಗೆ ಹಾಕುವ ದಪ್ಪ ಟಾಕುಗಳಲ್ಲಿ, ಕೂಸಿಗೆ ಎಚ್ಚರವಾಗದಂತೆ ತಾನೇ ಹೊಲಿದ. ಒಟ್ಟು ಒಂಬತ್ತು ಟಾಕು. ಇದೊಂದನ್ನು ನಾನು ಸರಿಯಾಗಿ ಎಣಿಸಿದ್ದೇನೆ.